ಸೀಲ್ ಐತಿ, ಸಹಿ ಐತಿ, ಅಧಿಕಾರ ಎಲ್ಲೈತಿ? ಲೇಬರ್ ಕೋರ್ಟಿಗೆ ಕಂಪನಿ ಪರವಾಗಿ ಹೋಗೋರಿಗೆ

ಕೊಪ್ಪಳ ಹತ್ರದ ಒಂದು ಸ್ಪಾಂಜ್ ಐರನ್ ಫ್ಯಾಕ್ಟರಿ ಟೈಮ್ ಆಫೀಸ್‌ನಾಗ ನಾ ಕೆಲಸಕ್ಕಿದ್ದಾಗ ಮೊದಲನೇ ಸಲ ಲೇಬರ್ ಕೋರ್ಟ್ ಮೆಟ್ಟಿಲು ಹತ್ತಿದ್ದು. ನಮ್ಮ ಎಚ್‌ಆರ್ ಮ್ಯಾನೇಜರ್ ಅವತ್ತು ಬ್ಯಾರೆ ಕಡೆ ಹೋಗೋದಿತ್ತು, "ನೀ ಹೋಗಿ ಡೇಟ್ ತಗೊಂಡು ಬಾರಪಾ, ಅಷ್ಟ ಸಾಕು" ಅಂತ ಲೆಟರ್‌ಹೆಡ್ ಮ್ಯಾಲ ನಾಕು ಸಾಲು ಟೈಪ್ ಮಾಡಿಸಿ, ಸಹಿ ಹಾಕಿ, ರೌಂಡ್ ಸೀಲ್ ಒತ್ತಿ ಕಳಿಸಿದ್ರು. ನನಗೂ ಧೈರ್ಯ, ಸೀಲ್ ಐತಲ್ಲ ಅಂತ. ಕೇಸ್ ಕರೆದ್ರು, ಪತ್ರ ಕೊಟ್ಟೆ. ಎದುರಿನ ಯೂನಿಯನ್ ಮುಖಂಡ್ರು ಒಬ್ಬರು ವಯಸ್ಸಾದೋರು, ಕನ್ನಡಕ ಹಣೆ ಮ್ಯಾಲ ಏರಿಸಿ ಪತ್ರಾನ ಕಣ್ಣಿನ ಹತ್ರ ಹಿಡಕೊಂಡು ಓದಿ, "ಸ್ವಾಮಿ, ಈ ಹುಡುಗನ್ನ ಮ್ಯಾನೇಜರ್ ಕಳಿಸ್ಯಾರ, ಒಪ್ಕೋತೀನಿ. ಮ್ಯಾನೇಜರ್‌ಗೆ ಕಳಿಸು ಅಂತ ಹೇಳಿದೋರು ಯಾರು? ಆ ಕಾಗದ ತೋರಿಸ್ಲಿ" ಅಂದ್ರು. ನನ್ನ ಹತ್ರ ಆ ಕಾಗದ ಇರಲಿಲ್ಲ, ಇರಬೇಕು ಅನ್ನೋದೂ ಗೊತ್ತಿರಲಿಲ್ಲ. ಮುಂದಿನ ಡೇಟಿಗೆ ತಗೊಂಡು ಬಾ ಅಂದ್ರು ಜಡ್ಜ್ ಸಾಹೇಬ್ರು, ಬಸ್ ಹತ್ತಿ ಬಂದೆ.

ಆ ಅಜ್ಜಾರು ಕೇಳಿದ ಪ್ರಶ್ನೆನೇ ಈ ಇಡೀ ವಿಷಯ. ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಸ್ಟೀಲ್ ಪ್ಲಾಂಟು, ರೈಸ್ ಮಿಲ್ಲು, ಜಿನ್ನಿಂಗ್ ಫ್ಯಾಕ್ಟರಿ, ಜೀನ್ಸ್ ಯೂನಿಟ್ ಇಷ್ಟೊಂದು ಅದಾವ, ಇವತ್ತಿಗೂ ಎಷ್ಟೋ ಕಡೆ ಗೇಟಿನಾಗ ಕುಂತಿರೋ ಸೆಕ್ಯೂರಿಟಿ ಸೂಪರ್‌ವೈಸರ್‌ನ್ನೇ "ಹೋಗಿ ಬಾ" ಅಂತ ಲೇಬರ್ ಆಫೀಸಿಗೆ ಕಳಿಸ್ತಾರ.

ಕಂಪನಿ ಅನ್ನೋದಕ್ಕ ಕೈ ಇಲ್ಲ, ಬಾಯಿ ಇಲ್ಲ. ಕಾನೂನಿನ ಕಣ್ಣಿಗೆ ಅದೂ ಒಬ್ಬ ವ್ಯಕ್ತಿನೇ, ಆದ್ರ ಕೋರ್ಟಿಗೆ ನಡಕೊಂಡು ಬರೋ ವ್ಯಕ್ತಿ ಅಲ್ಲ. ಹಂಗಾಗಿ ಅದರ ಪರವಾಗಿ ಯಾರೋ ಮನುಷ್ಯರು ಸಹಿ ಹಾಕಬೇಕು, ಯಾರೋ ಮಾತಾಡಬೇಕು. ಆ ಮನುಷ್ಯ ಕಂಪನಿಯೋನೇ ಅಂತ ಹೆಂಗ ನಂಬೋದು? ಕಂಪನಿ ಅಧಿಕಾರ ಎಲ್ಲಾ ಇರೋದು ಡೈರೆಕ್ಟರ್ಸ್ ಬೋರ್ಡ್ ಹತ್ರ, 2013ರ ಕಂಪನೀಸ್ ಆ್ಯಕ್ಟ್ ಸೆಕ್ಷನ್ 179 ಹೇಳೋದು ಅದನ್ನೇ. ಬೋರ್ಡ್‌ನಿಂದ ಶುರುವಾಗಿ ಕೋರ್ಟಿನಾಗ ನಿಂತಿರೋ ನಿಮ್ಮತನಕ ಕಾಗದದ ಒಂದು ಸರಪಳಿ ಇರಬೇಕು. ಬೋರ್ಡ್ ಎಂಡಿಗೆ ಕೊಟ್ಟಿತು, ಎಂಡಿ ಎಚ್‌ಆರ್ ಹೆಡ್‌ಗೆ ಕೊಟ್ರು, ಎಚ್‌ಆರ್ ಹೆಡ್ ನಿಮಗ ಕೊಟ್ರು, ಹಿಂಗ. ನನ್ನ ಪತ್ರದಾಗ ಕಡೇ ಕೊಂಡಿ ಒಂದ ಇತ್ತು, ಮ್ಯಾಲಿನ ಎರಡು ಇರಲಿಲ್ಲ. ಇನ್ನು ಸೀಲ್ ವಿಷಯ, ರೌಂಡ್ ಸೀಲ್ ಯಾವ ಅಂಗಡಿಯಾಗಾದ್ರೂ ಅರ್ಧ ತಾಸಿನಾಗ ಮಾಡಿಕೊಡತಾರ, ಅದಕ್ಕ ಕೋರ್ಟ್ ಅದನ್ನ ನೋಡಿ ಏನೂ ನಂಬಂಗಿಲ್ಲ. ಕಂಪನಿಯ ಅಸಲಿ ಕಾಮನ್ ಸೀಲ್ ಕೂಡ 2015ರ ತಿದ್ದುಪಡಿ ಆದ ಮ್ಯಾಲ ಕಡ್ಡಾಯ ಇಲ್ಲ, ಬೇಕಿದ್ರ ಇಟ್ಕೋಬಹುದು, ಇಲ್ಲಾಂದ್ರ ಇಲ್ಲ. ಅದೇ ಕಾಯ್ದೆ ಸೆಕ್ಷನ್ 21 ಓದ್ರಿ: ಕಂಪನಿ ಕಾಗದಗಳಿಗೆ ಸಹಿ ಹಾಕೋದು ಕೀ ಮ್ಯಾನೇಜರಿಯಲ್ ಪರ್ಸನ್ (ಎಂಡಿ, ಕಂಪನಿ ಸೆಕ್ರೆಟರಿ ಥರದ ಮುಖ್ಯ ಅಧಿಕಾರಿ) ಆಗಿರಬೇಕು, ಇಲ್ಲಾ ಬೋರ್ಡ್ ಅದಕ್ಕಂತ ಅಧಿಕಾರ ಕೊಟ್ಟ ಆಫೀಸರ್ ಅಥವಾ ನೌಕರ ಆಗಿರಬೇಕು. ಫ್ಯಾಕ್ಟರಿ ಲೈಸೆನ್ಸ್‌ನಾಗ ಮ್ಯಾನೇಜರ್ ಅಂತ ಹೆಸರು ಐತಿ ಅಂದ ಮಾತ್ರಕ್ಕ ಕೇಸ್ ನಡೆಸೋ ಅಧಿಕಾರ ಬಂತು ಅಂತ ಭಾಳ ಮಂದಿ ತಿಳ್ಕೊಂಡಾರ. ಅದು ಫ್ಯಾಕ್ಟರಿ ಕಾನೂನಿನ ಲೆಕ್ಕ, ಇದು ಬ್ಯಾರೆ ಲೆಕ್ಕ.

ಈಗ ಕಾರ್ಮಿಕ ಕಾನೂನಿನ ಕಡೆ ಬರೋಣ. 1947ರ ಇಂಡಸ್ಟ್ರಿಯಲ್ ಡಿಸ್ಪ್ಯೂಟ್ಸ್ ಆ್ಯಕ್ಟ್ ಸೆಕ್ಷನ್ 36 ಯಾರು ಯಾರ ಪರವಾಗಿ ಬರಬಹುದು ಅಂತ ಹೇಳೋ ಸೆಕ್ಷನ್. ಕಾರ್ಮಿಕನ ಪರವಾಗಿ ಅವನ ಯೂನಿಯನ್ ಪದಾಧಿಕಾರಿ, ಯೂನಿಯನ್ ಒಕ್ಕೂಟದೋರು, ಯೂನಿಯನ್ ಇಲ್ಲದಿದ್ರ ಅದೇ ಉದ್ಯಮದ ಇನ್ನೊಬ್ಬ ಕಾರ್ಮಿಕ. ಮಾಲೀಕರ ಪರವಾಗಿ ಅವರು ಸದಸ್ಯರಾಗಿರೋ ಮಾಲೀಕರ ಸಂಘದ ಆಫೀಸರ್, ಅಂಥಾ ಸಂಘಗಳ ಫೆಡರೇಷನ್‌ನ ಆಫೀಸರ್, ಸದಸ್ಯರಲ್ಲದಿದ್ರ ಅದೇ ಉದ್ಯಮದ ಇನ್ನೊಬ್ಬ ಮಾಲೀಕ. ಇದನ್ನ ಓದಿದ ತಕ್ಷಣ ಒಂದು ಡೌಟ್ ಬರತೈತಿ, ಇದರಾಗ ಕಂಪನಿಯ ಸ್ವಂತ ಎಚ್‌ಆರ್ ಮ್ಯಾನೇಜರ್ ಹೆಸರೇ ಇಲ್ಲಲ್ಲ, ಹಂಗಾರ ಅವ ಬರಬಾರದೇನು ಅಂತ. ಇದಕ್ಕ ಸುಪ್ರೀಂ ಕೋರ್ಟ್ 1976ರಾಗ ಪಾರಾದೀಪ್ ಪೋರ್ಟ್ ಟ್ರಸ್ಟ್ ಕೇಸಿನಾಗ ಉತ್ತರ ಕೊಟ್ಟೈತಿ. ಸೆಕ್ಷನ್ 36 ಇರೋ ದಾರಿಗಳನ್ನೆಲ್ಲಾ ಮುಚ್ಚೋ ಪಟ್ಟಿ ಅಲ್ಲ, ಕಂಪನಿ ತನ್ನ ಡೈರೆಕ್ಟರ್ ಇಲ್ಲಾ ತನ್ನ ಆಫೀಸರ್ ಮೂಲಕ ಬಂದ್ರ ಅದು ಬ್ಯಾರೆಯೋರನ್ನ ಕಳಿಸಿದಂಗಲ್ಲ, ಕಂಪನಿ ತಾನೇ ಬಂದಂಗ. ಇದು ಮುಖ್ಯ, ನಿಮ್ಮ ಕಂಪನಿ ನೌಕರ ಬರೋದಕ್ಕ ಎದುರು ಪಾರ್ಟಿ ಒಪ್ಪಿಗೆ ಬೇಕಾಗಿಲ್ಲ. ಆದ್ರ ಅವ ನಿಮ್ಮವ ಅಂತ, ನೀವೇ ಕಳಿಸಿದ್ದು ಅಂತ ತೋರಿಸಬೇಕು, ಅಷ್ಟ.

ವಕೀಲರ ಕತಿ ಬ್ಯಾರೆ. ಲೇಬರ್ ಆಫೀಸರ್ ಮುಂದ ನಡೆಯೋ ರಾಜಿ ಸಂಧಾನದಾಗ ವಕೀಲರಿಗೆ ಪ್ರವೇಶನೇ ಇಲ್ಲ, 36ರ ಮೂರನೇ ಉಪ ಕಲಂ. ಲೇಬರ್ ಕೋರ್ಟ್, ಟ್ರಿಬ್ಯುನಲ್‌ನಾಗ ಬರಬಹುದು, ಆದ್ರ ಎರಡು ಕಂಡೀಷನ್: ಎದುರು ಪಾರ್ಟಿ ಒಪ್ಪಬೇಕು, ಕೋರ್ಟ್ ಅನುಮತಿ ಕೊಡಬೇಕು. ಅದು ನಾಲ್ಕನೇ ಉಪ ಕಲಂ. ಇದನ್ನ ದಾಟೋಕೆ ಕೆಲವು ಕಂಪನಿಗಳು ಒಂದು ಉಪಾಯ ಮಾಡ್ತಿದ್ವು, ಹೊರಗಿನ ವಕೀಲರಿಗೆ ಒಂದು ಪವರ್ ಆಫ್ ಅಟಾರ್ನಿ (ಮುಖ್ತ್ಯಾರ ಪತ್ರ) ಬರೆದುಕೊಟ್ಟು "ಇವರು ವಕೀಲರಾಗಿ ಬಂದಿಲ್ರಿ, ನಮ್ಮ ಅಟಾರ್ನಿಯಾಗಿ ಬಂದಾರ" ಅನ್ನೋದು. ಪಾರಾದೀಪ್ ಕೇಸಿನಾಗನೇ ಇದು ನಡೆಯಂಗಿಲ್ಲ ಅಂತ ಕೋರ್ಟ್ ಹೇಳಿಬಿಟ್ಟಿತು. ಆದ್ರ ಕಾನೂನು ಓದಿದೋರು, ಪ್ರಾಕ್ಟೀಸ್ ಬಿಟ್ಟು ಕಂಪನಿ ಪಗಾರದ ಮ್ಯಾಲ, ಕಂಪನಿ ಹಿಡಿತದಾಗ ಆಫೀಸರ್ ಆಗಿದ್ರ, ಅವರು ಬರಬಹುದು, ಎಲ್‌ಎಲ್‌ಬಿ ಡಿಗ್ರಿ ಐತಿ ಅನ್ನೋದೊಂದೇ ಅವರಿಗೆ ಅಡ್ಡ ಬರಂಗಿಲ್ಲ. ಮಾಲೀಕರ ಸಂಘದಾಗ ನಿಜವಾಗಿ ಆಫೀಸರ್ ಆಗಿರೋ ವಕೀಲರೂ ಬರಬಹುದು. ವಾಸ್ತವದಾಗ ನೋಡಿದ್ರ ಈಗ ಎರಡೂ ಕಡೆ ವಕೀಲರೇ ಇರ್ತಾರ, ಅವರಿಗ ಇವರು ಒಪ್ಪಿಗೆ, ಇವರಿಗ ಅವರು ಒಪ್ಪಿಗೆ, ಯಾರೂ ಮಾತಾಡಂಗಿಲ್ಲ. ಬ್ಯಾಡ ಅನ್ನೋದಿದ್ರ ಮೊದಲನೇ ಡೇಟಿನಾಗ ಬರವಣಿಗೆಯೊಳಗ ಹೇಳಬೇಕು. ಅವರ ವಕೀಲರು ನಾಕೈದು ಡೇಟ್ ಓಡಾಡಿ, ಉತ್ತರದ ಕೌಂಟರ್ ಹಾಕಿ, ಸಾಕ್ಷಿಯನ್ನ ಕ್ರಾಸ್ ಮಾಡಿದ ಮ್ಯಾಲ ಎದ್ದು ನಿಂತು "ನಾವು ಒಪ್ಪಿಲ್ಲ" ಅಂದ್ರ, ಸುಮ್ಮನಿದ್ದದ್ದೇ ಒಪ್ಪಿಗೆ ಅಂತ ಹಿಡೀತಾರ.

ನಡುವ ಒಂದು ಮಾತು. ನಾಕು ಲೇಬರ್ ಕೋಡ್‌ಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಾವ, ಅದರಾಗ 2020ರ ಇಂಡಸ್ಟ್ರಿಯಲ್ ರಿಲೇಷನ್ಸ್ ಕೋಡ್ ಈ ಹಳೇ 1947ರ ಕಾಯ್ದೆ ಜಾಗಕ್ಕ ಬಂದೈತಿ, ಹೊಸ ವ್ಯವಸ್ಥೆಯೊಳಗ ಲೇಬರ್ ಕೋರ್ಟ್ ಅನ್ನೋ ಹೆಸರಿಗೆ ಬದಲು ಇಬ್ಬರು ಸದಸ್ಯರ ಇಂಡಸ್ಟ್ರಿಯಲ್ ಟ್ರಿಬ್ಯುನಲ್. ಆದ್ರ ಪ್ರಾತಿನಿಧ್ಯದ ನಿಯಮ ಹೆಚ್ಚು ಕಡಿಮೆ ಹಂಗೇ ಉಳಿದೈತಿ, ವಕೀಲರಿಗೆ ಒಪ್ಪಿಗೆ ಬೇಕು, ಅನುಮತಿ ಬೇಕು ಅನ್ನೋದೂ ಸೇರಿ. ಇಷ್ಟು ವರ್ಷದ ತೀರ್ಪು, ಫೈಲು, ವಕೀಲರ ಬಾಯಿ ಎಲ್ಲಾ ಕಡೆ 36 ಅಂತನೇ ಕೇಳ್ತೀರಿ, ಅದಕ್ಕ ನಾನೂ ಇಲ್ಲಿ ಹಳೇ ಕಾಯ್ದೆ, ಹಳೇ ರೂಲ್ಸ್ ನಂಬರೇ ಬರೀತೀನಿ.

ಹಂಗಾರ ಕೈಯಾಗ ಏನು ಕಾಗದ ಇರಬೇಕು? ಗಟ್ಟಿ ಕಾಗದ ಅಂದ್ರ ಬೋರ್ಡ್ ಠರಾವು, ಬೋರ್ಡ್ ರೆಸಲ್ಯೂಷನ್ ಅಂತೀವಲ್ಲ ಅದು. ಅದರ ಸರ್ಟಿಫೈಡ್ ಕಾಪಿ ಕೋರ್ಟಿಗೆ ಕೊಡೋದು. ಇದರಾಗ ಭಾಳ ಮಂದಿ ಮಾಡೋ ತಪ್ಪು ಏನಂದ್ರ ಯಾರಿಗೆ ಅಧಿಕಾರ ಕೊಟ್ಟೈತೋ ಅವರೇ "ಇದು ನಿಜಪ್ರತಿ" ಅಂತ ಸಹಿ ಹಾಕಿಬಿಡ್ತಾರ. ನನಗ ಅಧಿಕಾರ ಐತಿ ಅಂತ ನಾನೇ ಸರ್ಟಿಫಿಕೇಟ್ ಕೊಟ್ಕೊಂಡಂಗ ಅದು, ಎದುರಿನೋರು ನಗ್ತಾರ. ಕಂಪನಿ ಸೆಕ್ರೆಟರಿ ಇದ್ರ ಅವರು, ಇಲ್ಲಾಂದ್ರ ಇನ್ನೊಬ್ಬ ಡೈರೆಕ್ಟರ್ ತಮ್ಮ ಡಿನ್ ನಂಬರ್ (ಡೈರೆಕ್ಟರ್ ಗುರುತಿನ ನಂಬರ್) ಬರೆದು ಸಹಿ ಹಾಕಬೇಕು. ಕಂಪನಿ ಲೆಟರ್‌ಹೆಡ್ ಮ್ಯಾಲ ಇರಬೇಕು, ಅದರಾಗ ಕಂಪನಿ ಗುರುತಿನ ಸಿಐಎನ್ ನಂಬರ್, ರಿಜಿಸ್ಟರ್ಡ್ ಆಫೀಸ್ ವಿಳಾಸ ಕಾಣಬೇಕು, ಮೀಟಿಂಗ್ ನಡೆದ ತಾರೀಕು, ಜಾಗ ಇರಬೇಕು. ನಮ್ಮ ಕಡೆ ಪ್ಲಾಂಟ್‌ಗಳದು ಒಂದು ತೊಂದರೆ, ಫ್ಯಾಕ್ಟರಿ ಇಲ್ಲೈತಿ, ರಿಜಿಸ್ಟರ್ಡ್ ಆಫೀಸ್ ಹೈದರಾಬಾದ್‌ನಾಗೋ ಕೋಲ್ಕತ್ತಾದಾಗೋ ಇರತೈತಿ, ನೋಟಿಸ್ ಬಂದ ಮ್ಯಾಲ ಅಲ್ಲಿಗೆ ಮೇಲ್ ಹಾಕಿದ್ರ ಅವರು "ಮುಂದಿನ ಬೋರ್ಡ್ ಮೀಟಿಂಗ್‌ನಾಗ ನೋಡೋಣ" ಅಂತಾರ. ಅಷ್ಟು ಕಾಯಬೇಕಾಗಿಲ್ಲ, ಮೀಟಿಂಗ್ ಇಲ್ಲದ ಸುತ್ತೋಲೆ ಮೂಲಕನೂ ಠರಾವು ಪಾಸ್ ಮಾಡಬಹುದು, ಕಂಪನೀಸ್ ಆ್ಯಕ್ಟ್ ಸೆಕ್ಷನ್ 175 ಅದಕ್ಕ ದಾರಿ ಕೊಟ್ಟೈತಿ. ಇದನ್ನ ಹೆಡ್ ಆಫೀಸ್‌ನೋರಿಗೆ ಹೇಳಿ ನೋಡ್ರಿ, ಅರ್ಧ ಜನಕ್ಕ ಗೊತ್ತಿರಂಗಿಲ್ಲ.

ಠರಾವಿನೊಳಗ ಏನು ಬರೀಬೇಕು ಅಂತ ಕೇಳ್ತಾರ. ನಾನು ಇಟ್ಕೊಂಡಿರೋ ನಮೂನೆ ಸುಮಾರಾಗಿ ಹಿಂಗೈತಿ: "ಕಂಪನಿಯ ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರ ಹುದ್ದೆಯಲ್ಲಿರುವವರಿಗೆ, ಕಂಪನಿಯ ಪರವಾಗಿ ಕಾರ್ಮಿಕ ಇಲಾಖೆ, ರಾಜಿ ಸಂಧಾನಾಧಿಕಾರಿ, ಲೇಬರ್ ಕೋರ್ಟ್, ಕೈಗಾರಿಕಾ ನ್ಯಾಯಾಧಿಕರಣ ಹಾಗೂ ಹೈಕೋರ್ಟ್ ಮುಂದೆ ಹಾಜರಾಗಲು, ಅರ್ಜಿ, ಆಕ್ಷೇಪಣೆ, ಪ್ರಮಾಣಪತ್ರಗಳಿಗೆ ಸಹಿ ಮಾಡಲು, ವಕೀಲರನ್ನು ನೇಮಿಸಿ ವಕಾಲತ್ತಿಗೆ ಸಹಿ ಮಾಡಲು, ದಾಖಲೆಗಳನ್ನು ಹಾಜರುಪಡಿಸಲು, ಸಾಕ್ಷ್ಯ ನುಡಿಯಲು, ಲಿಖಿತವಾಗಿ ಒಪ್ಪಿಗೆ ಪಡೆದ ಮಿತಿಯೊಳಗೆ ರಾಜಿ ಮಾಡಿಕೊಳ್ಳಲು ಮತ್ತು ಈ ಪೈಕಿ ಹಾಜರಾತಿ ಹಾಗೂ ಸಹಿಯ ಅಧಿಕಾರವನ್ನು ತಮ್ಮ ಅಧೀನ ಅಧಿಕಾರಿಗೆ ಲಿಖಿತವಾಗಿ ವಹಿಸಲು ಅಧಿಕಾರ ನೀಡಲಾಗಿದೆ. ಈ ಠರಾವಿಗೆ ಮುಂಚೆ ಇದೇ ವಿಷಯದಲ್ಲಿ ಅವರು ಕೈಗೊಂಡ ಕ್ರಮಗಳನ್ನು ಕಂಪನಿಯು ಅನುಮೋದಿಸಿದೆ."

ಇದರಾಗ ಮೂರು ಕಡೆ ಬೆರಳಿಟ್ಟು ತೋರಿಸ್ತೀನಿ. ಮೊದಲನೇದು, ಹೆಸರು ಬರೆಯೋದಾ ಹುದ್ದೆ ಬರೆಯೋದಾ. ಹೆಸರು ಬರೆದ್ರ ಆ ಮನುಷ್ಯ ಕೆಲಸ ಬಿಟ್ಟ ದಿನ ಠರಾವು ಕಸ, ಮತ್ತ ಹೊಸದು ಬೇಕು. ನಮ್ಮ ಬೆಲ್ಟ್‌ನಾಗ ಎಚ್‌ಆರ್‌ನೋರು ಎರಡು ವರ್ಷಕ್ಕ ಒಂದು ಪ್ಲಾಂಟ್ ಬದಲು ಮಾಡ್ತಾರ, ಲೇಬರ್ ಕೇಸ್ ಹತ್ತು ವರ್ಷ ನಡೀತೈತಿ. ಹುದ್ದೆ ಬರೆದ್ರ ಅನುಕೂಲ, ಆದ್ರ ಈಗ ಆ ಹುದ್ದೆಯಾಗ ಕುಂತಿರೋದು ನೀವೇ ಅಂತ ತೋರಿಸೋಕೆ ನೇಮಕಾತಿ ಪತ್ರನೋ ಬಡ್ತಿ ಆದೇಶನೋ ಜೊತೆಗಿರಬೇಕು. ನಾನಾದ್ರ ಹುದ್ದೆ ಬರೆಸಿ, ಪಕ್ಕಕ್ಕ "ಸದ್ಯ ಇಂಥೋರು" ಅಂತ ಹೆಸರೂ ಹಾಕಿಸ್ತೀನಿ. ಎರಡನೇದು, ಅಧಿಕಾರ ಮುಂದ ದಾಟಿಸೋ ಮಾತು. ಬೋರ್ಡ್ ಎಚ್‌ಆರ್ ಹೆಡ್‌ಗೆ ಕೊಟ್ಟಿದ್ದನ್ನ ಎಚ್‌ಆರ್ ಹೆಡ್ ತನ್ನಷ್ಟಕ್ಕ ತಾನೇ ಇನ್ನೊಬ್ಬರಿಗೆ ಕೊಡೋಕೆ ಬರಂಗಿಲ್ಲ, ಕೊಡಬಹುದು ಅಂತ ಠರಾವಿನಾಗನೇ ಬರೆದಿರಬೇಕು. ನನ್ನ ಪತ್ರ ಬಿದ್ದಿದ್ದು ಇಲ್ಲೇ ನೋಡ್ರಿ. ಆಮೇಲೆ ಹೆಡ್ ಆಫೀಸ್‌ನಿಂದ ತರಿಸಿ ನೋಡಿದ್ರ ನಮ್ಮ ಮ್ಯಾನೇಜರ್ ಹೆಸರಿಗೆ ಠರಾವು ಇತ್ತು, ಆದ್ರ ಮುಂದ ದಾಟಿಸೋ ಸಾಲು ಇರಲಿಲ್ಲ. ಮೂರನೇದು ಹಿಂದಿನದನ್ನ ಅನುಮೋದಿಸೋ ಕಡೇ ಸಾಲು, ಅದರ ಬೆಲೆ ಏನು ಅನ್ನೋದು ಕೆಳಗ ಬರತೈತಿ.

ಪವರ್ ಆಫ್ ಅಟಾರ್ನಿ ಇನ್ನೊಂದು ದಾರಿ. ದೊಡ್ಡ ಕಂಪನಿಗಳು ಇದನ್ನೇ ಮಾಡ್ತಾರ, ಪ್ಲಾಂಟ್ ಹೆಡ್‌ಗೆ ಒಂದು ಜನರಲ್ ಪವರ್ ಕೊಟ್ಟು ಇಡ್ತಾರ. ನೋಟರಿ ಮುಂದ ಸಹಿ ಆಗಿ ನೋಟರಿ ದೃಢೀಕರಿಸಿದ ಪವರ್ ಆದ್ರ, ಅದು ಸರಿಯಾಗಿ ಆಗೈತಿ ಅಂತ ಕೋರ್ಟ್ ಭಾವಿಸ್ಕೋತೈತಿ, ಹಳೇ ಎವಿಡೆನ್ಸ್ ಆ್ಯಕ್ಟ್‌ನಾಗ ಸೆಕ್ಷನ್ 85 ಇತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದಾಗ 84. ಆದ್ರ ಆ ಪವರ್ ಕೊಟ್ಟ ಡೈರೆಕ್ಟರ್‌ಗೆ ಪವರ್ ಕೊಡೋ ಪವರ್ ಇತ್ತಾ ಅನ್ನೋ ಪ್ರಶ್ನೆ ಮತ್ತ ಠರಾವಿಗೇ ಹೋಗಿ ನಿಲ್ಲತೈತಿ. ಸ್ಟಾಂಪ್ ಸರಿ ಇರಬೇಕು, ಕರ್ನಾಟಕ ಸ್ಟಾಂಪ್ ಆ್ಯಕ್ಟ್ ಪ್ರಕಾರ ಕಡಿಮೆ ಸ್ಟಾಂಪ್ ಹಾಕಿದ್ರ ಕಡಿಮೆ ಬಿದ್ದಿದ್ದು ಕಟ್ಟಿ, ಅದರ ಹತ್ತುಪಟ್ಟು ದಂಡ ಕಟ್ಟಿ ಅಂತ ಕುಂದರಿಸ್ತಾರ, ನೂರು ರೂಪಾಯಿ ಉಳಿಸೋಕೆ ಹೋಗಿ ಎರಡು ಡೇಟ್ ಕಳ್ಕೋತೀರಿ. ಇವೆರಡರ ಜೊತಿಗೆ ಇಂಡಸ್ಟ್ರಿಯಲ್ ಡಿಸ್ಪ್ಯೂಟ್ಸ್ ರೂಲ್ಸ್‌ನಾಗ ಒಂದು ಅಧಿಕಾರ ಪತ್ರದ ಫಾರ್ಮ್ ಐತಿ, 1957ರ ಸೆಂಟ್ರಲ್ ರೂಲ್ಸ್‌ನಾಗ ಅದು ಫಾರ್ಮ್ ಎಫ್. ಅರ್ಧ ಪುಟದ ಫಾರ್ಮು, ತುಂಬಿ ಕೊಡೋದು. ಅದರ ಪಕ್ಕದ ರೂಲ್ ಓದಿದ್ರ ಮಾತ್ರ ಎದಿ ಝಲ್ ಅಂತೈತಿ: ಪ್ರತಿನಿಧಿ ಮಾಡಿದ್ದಕ್ಕೆಲ್ಲಾ ಪಾರ್ಟಿ ಬದ್ಧ. ಡೇಟ್ ತಗೊಂಡು ಬಾ ಅಂತ ಕಳಿಸಿದ ಹುಡುಗ ಅಲ್ಲಿ "ಹೌದ್ರಿ ಸಾಹೇಬ್ರ, ವಜಾ ಮಾಡೋ ಮುಂಚೆ ಎನ್‌ಕ್ವೈರಿ ಮಾಡಿಲ್ಲ" ಅಂದುಬಿಟ್ರ ಅದು ಕಂಪನಿ ಅಂದಂಗ.

ಗಣಿ ಕಡೆಯೋರಿಗೆ ಇನ್ನೊಂದು ತಿರುವು ಐತಿ. ಮೈನ್ಸ್ ವಿಷಯದಾಗ ಹಳೇ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರನೇ ಸಂಬಂಧಪಟ್ಟ ಸರ್ಕಾರ, ಸಂಡೂರು ಸೀಮೆ ಅದಿರು ಗಣಿ ಇರಲಿ ಹಟ್ಟಿ ಚಿನ್ನದ ಗಣಿ ಇರಲಿ. ಅಲ್ಲಿ ಸಂಧಾನ ಮಾಡೋದು ಕೇಂದ್ರದ ಲೇಬರ್ ಕಮಿಷನರ್ ಕೈ ಕೆಳಗಿನೋರು, ಕೇಸ್ ಹೋಗೋದು ಬೆಂಗಳೂರಿನಾಗಿರೋ ಕೇಂದ್ರ ಸರ್ಕಾರದ ಇಂಡಸ್ಟ್ರಿಯಲ್ ಟ್ರಿಬ್ಯುನಲ್, ಅಂದ್ರ ಸಿಜಿಐಟಿಗೆ. ಬಳ್ಳಾರಿಯಾಗ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋಗಿ, ಬೆಳಿಗ್ಗೆ ಕೋರ್ಟಿನಾಗ ನಿಂತ ಮ್ಯಾಲ ಠರಾವು ಇಲ್ಲ ಅಂತ ಗೊತ್ತಾಗಿ ರಾತ್ರಿ ಅದೇ ಗಾಡಿ ಹತ್ತಿ ವಾಪಸ್ ಬಂದೋರು ನನಗ ಗೊತ್ತು. ಅದಕ್ಕ ಹೊರಡೋ ಮುಂಚೆ ಕೇಸ್ ಯಾವ ಸರ್ಕಾರದ ಲೆಕ್ಕದಾಗ ಐತಿ ಅಂತ ನೋಡಿ ಅಲ್ಲಿನ ಫಾರ್ಮ್ ತುಂಬ್ರಿ.

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ರೈಸ್ ಮಿಲ್ಲು ಭಾಳಷ್ಟು ಕಂಪನಿನೇ ಅಲ್ಲ, ಪಾರ್ಟ್ನರ್‌ಶಿಪ್. ಅಣ್ಣತಮ್ಮಂದಿರು, ಬೀಗರು ಸೇರಿ ಮಾಡಿರ್ತಾರ. ಅಲ್ಲಿ ಬೋರ್ಡೂ ಇಲ್ಲ, ಠರಾವೂ ಇಲ್ಲ. ಕಾನೂನಿನ ಪ್ರಕಾರ ಪ್ರತಿ ಪಾರ್ಟ್ನರ್ ಫರ್ಮಿನ ಏಜೆಂಟ್, ಹಂಗಾಗಿ ಒಬ್ಬ ಪಾರ್ಟ್ನರ್ ಬಂದು ನಿಂತ್ರ, ಸಹಿ ಹಾಕಿದ್ರ ನಡೀತೈತಿ, ಪಾರ್ಟ್ನರ್‌ಶಿಪ್ ಡೀಡ್ ತೋರಿಸಿದ್ರ ಸಾಕು. ಆದ್ರ ಇಲ್ಲೊಂದು ಗುಂಡಿ ಐತಿ, ಭಾಳ ಮಂದಿ ಬೀಳೋದು ಅದರಾಗನ. 1932ರ ಪಾರ್ಟ್ನರ್‌ಶಿಪ್ ಆ್ಯಕ್ಟ್ ಸೆಕ್ಷನ್ 19 ಎರಡನೇ ಉಪ ಕಲಂ ಹೇಳತೈತಿ, ಒಬ್ಬ ಪಾರ್ಟ್ನರ್‌ಗೆ ತಾನಾಗೇ ಬರೋ ಅಧಿಕಾರದಾಗ ಕೆಲವು ಸೇರಂಗಿಲ್ಲ ಅಂತ: ಫರ್ಮಿನ ಹಕ್ಕನ್ನ ರಾಜಿ ಮಾಡೋದು ಇಲ್ಲಾ ಬಿಟ್ಟುಕೊಡೋದು, ಫರ್ಮ್ ಪರವಾಗಿ ಹಾಕಿದ ದಾವಾ ವಾಪಸ್ ತಗೊಳೋದು, ಫರ್ಮಿನ ಮ್ಯಾಲಿನ ದಾವಾದಾಗ ಹೊಣೆ ಒಪ್ಪಿಕೊಳ್ಳೋದು. ಹಂಗಾರ ಹಮಾಲರ ಕೇಸಿನಾಗ ದೊಡ್ಡಣ್ಣ ಬಂದು "ಆಯ್ತ್ರಿ, ತಲಾ ಇಷ್ಟು ಕೊಡ್ತೀವಿ" ಅಂತ ಸಹಿ ಹಾಕಿ ಹೋದ್ರ, ಮನೆಗೆ ಹೋದ ಮ್ಯಾಲ ತಮ್ಮ "ನಾ ಒಪ್ಪಿಲ್ಲ" ಅಂತ ತಕರಾರು ತೆಗಿಯೋಕೆ ಜಾಗ ಐತಿ. ರಾಜಿ ಮಾಡೋದಿದ್ರ ಎಲ್ಲಾ ಪಾರ್ಟ್ನರ್‌ಗಳ ಸಹಿ ಇರೋ ಅಧಿಕಾರ ಪತ್ರ ತಗೋರಿ. ಒಬ್ಬರದೇ ಒಡೆತನ ಇದ್ರ ಗೊಂದಲನೇ ಇಲ್ಲ, ಮಾಲೀಕನೇ ಬರಲಿ ಇಲ್ಲಾ ಪವರ್ ಕೊಡಲಿ.

ಕಾರ್ಮಿಕರ ಕಡೆಯಿಂದ ನೋಡಿದ್ರ ಇದು ಇನ್ನೂ ಮುಖ್ಯ, ಆದ್ರ ಯಾರೂ ಹಂಗ ನೋಡಂಗಿಲ್ಲ. ಅಧಿಕಾರ ಪತ್ರ ಕೇಳೋದು ಕಂಪನಿಯೋರನ್ನ ಸತಾಯಿಸೋಕೆ ಅಂತ ತಿಳ್ಕೊಂಡಾರ. ನಿಜವಾಗಿ ಅದರ ಉಪಯೋಗ ರಾಜಿ ಟೈಮ್‌ನಾಗ. ವೇತನ ಒಪ್ಪಂದಕ್ಕ ಇವತ್ತು ಒಬ್ಬ ಮ್ಯಾನೇಜರ್ ಸಹಿ ಹಾಕಿದ, ಆರು ತಿಂಗಳಿಗೆ ಅವ ಹೋದ, ಹೊಸಬ ಬಂದು "ಅವನಿಗೆ ಆ ಅಧಿಕಾರನೇ ಇರಲಿಲ್ಲ" ಅಂದ್ರ? ಸೆಂಟ್ರಲ್ ರೂಲ್ಸ್ 58ನೇ ರೂಲ್ ಪ್ರಕಾರ ಒಪ್ಪಂದಕ್ಕ ಮಾಲೀಕನ ಕಡೆಯಿಂದ ಸ್ವತಃ ಮಾಲೀಕ ಇಲ್ಲಾ ಅವನ ಅಧಿಕೃತ ಏಜೆಂಟ್, ಕಂಪನಿ ಆದ್ರ ಅದರ ಏಜೆಂಟ್, ಮ್ಯಾನೇಜರ್ ಇಲ್ಲಾ ಇನ್ನೊಬ್ಬ ಪ್ರಿನ್ಸಿಪಲ್ ಆಫೀಸರ್ ಸಹಿ ಹಾಕಬೇಕು. ಅದಕ್ಕ ಯೂನಿಯನ್‌ನೋರು ಸಹಿಗೆ ಕುಂದ್ರೋ ಮುಂಚೆ ಠರಾವಿನ ಜೆರಾಕ್ಸ್ ಕೇಳಿ ಒಪ್ಪಂದಕ್ಕ ಲಗತ್ತಿಸೋದು ಜಾಣತನ. ಗುತ್ತಿಗೆ ಕಾರ್ಮಿಕರ ಕೇಸ್ ಆದ್ರ ಗುತ್ತಿಗೆದಾರ ಬ್ಯಾರೆ, ಕಂಪನಿ ಬ್ಯಾರೆ, ಇಬ್ಬರದೂ ಅಧಿಕಾರ ಪತ್ರ ಬ್ಯಾರೆ ಬ್ಯಾರೆ ಬೇಕು, ಕಂಪನಿ ಎಚ್‌ಆರ್ "ಅವರದೂ ನಾನೇ ನೋಡ್ಕೋತೀನಿ" ಅಂದ್ರ ಒಪ್ಪಬ್ಯಾಡ್ರಿ, ಇಬ್ಬರ ಹಿತ ಒಂದೇ ಅಲ್ಲ ಅಲ್ಲಿ. ಹಂಗಂತ ಯೂನಿಯನ್ ಕಡೆಯೋರೂ ಖಾಲಿ ಕೈಲಿ ಬರಂಗಿಲ್ಲ, ಎಲ್ಲರ ಪರವಾಗಿ ವಿವಾದ ಎತ್ತೋದಿದ್ರ ಯೂನಿಯನ್ ಸಭೆ ಠರಾವು ತೋರಿಸು ಅಂತ ಕಂಪನಿಯೋರೂ ಕೇಳಬಹುದು, ಕೇಳ್ತಾರ ಕೂಡ.

ಈಗ ದೊಡ್ಡ ಪ್ರಶ್ನೆ, ಕಾಗದ ಇಲ್ಲಾಂದ್ರ ಕೇಸ್ ಬಿದ್ದು ಹೋಗತೈತಾ? ಸುಪ್ರೀಂ ಕೋರ್ಟಿನ ಎರಡು ತೀರ್ಪು ಒಂದರ ಪಕ್ಕ ಒಂದು ಇಟ್ಟು ನೋಡ್ರಿ. 1996ರ ಯುನೈಟೆಡ್ ಬ್ಯಾಂಕ್ ಆಫ್ ಇಂಡಿಯಾ ಕೇಸಿನಾಗ ಬ್ಯಾಂಕಿನ ದಾವಾಕ್ಕ ಸಹಿ ಹಾಕಿದೋರ ಅಧಿಕಾರ ಸರಿಯಾಗಿ ಸಾಬೀತಾಗಿಲ್ಲ ಅಂತ ಕೆಳಗಿನ ಕೋರ್ಟ್‌ಗಳು ವಜಾ ಮಾಡಿದ್ವು. ಸುಪ್ರೀಂ ಕೋರ್ಟ್ ಅದನ್ನ ತಿರುಗಿಸಿತು. ಸಿವಿಲ್ ದಾವಾ ನಡೆಸೋ ಕಾಯ್ದೆ ಸಿಪಿಸಿ, ಅದರ ಆರ್ಡರ್ 29 ಪ್ರಕಾರ ಕಂಪನಿ ಸೆಕ್ರೆಟರಿ, ಡೈರೆಕ್ಟರ್, ಪ್ರಿನ್ಸಿಪಲ್ ಆಫೀಸರ್ ತಮ್ಮ ಹುದ್ದೆ ಬಲದ ಮ್ಯಾಲನೇ ಸಹಿ ಹಾಕಬಹುದು, ಬ್ಯಾರೆಯೋರು ಹಾಕಿದ್ರೂ ಕಂಪನಿ ಆಮೇಲೆ ಅದನ್ನ ಒಪ್ಪಬಹುದು, ಬಾಯಿ ಬಿಟ್ಟು ಒಪ್ಪಿದ್ರೂ ನಡೀತೈತಿ, ನಡವಳಿಕೆಯಿಂದ ಒಪ್ಪಿದ್ರೂ ನಡೀತೈತಿ, ಇಂಥಾ ತಾಂತ್ರಿಕ ದೋಷ ಸರಿಪಡಿಸ್ಕೊಳ್ಳೋಕೆ ಕೋರ್ಟ್ ಅವಕಾಶ ಕೊಡಬೇಕು ಅಂತು. ಠರಾವಿನ ಕಡೇ ಸಾಲು ಅಂದೆನಲ್ಲ, ಅದು ಕೆಲಸಕ್ಕ ಬರೋದು ಇಲ್ಲೇ. ಆದ್ರ 2011ರ ಸ್ಟೇಟ್ ಬ್ಯಾಂಕ್ ಆಫ್ ಟ್ರಾವಂಕೂರ್ ಕೇಸಿನಾಗ ಕಂಪನಿ ತೋರಿಸಿದ್ದು ಸಿಇಒ ಕೊಟ್ಟ ಒಂದು ಅಧಿಕಾರ ಪತ್ರ ಮಾತ್ರ, ಹಿಂದ ಬೋರ್ಡ್ ಠರಾವು ಇಲ್ಲ, ಸಿಇಒಗೆ ಅಂಥಾ ಪತ್ರ ಕೊಡೋ ಅಧಿಕಾರ ಐತಿ ಅಂತಾನೂ ತೋರಿಸಲಿಲ್ಲ. ದಾವಾ ಬಿತ್ತು. ನನ್ನ ರೌಂಡ್ ಸೀಲ್ ಪತ್ರ ಇದರ ತಮ್ಮ ಅನ್ನಬಹುದು.

ಎರಡೂ ಸಿವಿಲ್ ದಾವಾ, ಲೇಬರ್ ಕೋರ್ಟ್ ತನ್ನ ಪದ್ಧತಿ ತಾನೇ ಹಾಕ್ಕೊಳ್ಳೋ ಜಾಗ, ಅಲ್ಲಿ ಇನ್ನೂ ಸಡಿಲ. ನನ್ನ ಅನುಭವದಾಗ ಲೇಬರ್ ಕೋರ್ಟ್ ಟೈಮ್ ಕೊಡತೈತಿ, ಒಂದು ಸಲ, ಎರಡು ಸಲ. ಕೊಟ್ಟ ಟೈಮ್‌ನಾಗ ತರದಿದ್ರ ಆಮೇಲೆ ಸಿಟ್ಟು ಬರತೈತಿ. ಹಂಗಾಗಿ ಕಾರ್ಮಿಕರಿಗೂ ಒಂದು ಮಾತು, ಈ ಆಕ್ಷೇಪಣೆ ಎತ್ತಿ ಕೇಸ್ ಗೆದ್ದುಬಿಡ್ತೀನಿ ಅನ್ನೋದು ಆಗಂಗಿಲ್ಲ, ಮೊದಲನೇ ಡೇಟಿನಾಗ ಎತ್ತಿ ಕಾಗದ ತರಿಸ್ರಿ, ಮುಂದ ಹೋಗ್ರಿ. ಕೆಲಸ ಕಳಕೊಂಡು ಕುಂತೋರಿಗೆ ಒಂದು ಡೇಟ್ ಹೋದ್ರ ಎರಡು ತಿಂಗಳು ಹೋದಂಗ, ಕಂಪನಿಗೇನು.

ಕಂಪನಿನೇ ಅರ್ಜಿ ಹಾಕೋ ಕಡೆ ಮಾತ್ರ ಸಡಿಲ ಬಿಡಬ್ಯಾಡ್ರಿ. ಒಂದು ವಿವಾದ ಬಾಕಿ ಇರೋವಾಗ ಆ ವಿವಾದದಾಗಿರೋ ಕಾರ್ಮಿಕನ್ನ ಬ್ಯಾರೆ ದುರ್ವರ್ತನೆಗೆ ವಜಾ ಮಾಡಿದ್ರ 1947ರ ಹಳೇ ಕಾಯ್ದೆ ಸೆಕ್ಷನ್ 33(2)(ಬಿ) ಪ್ರಕಾರ ಒಂದು ತಿಂಗಳ ಪಗಾರ ಕೊಟ್ಟು, ಅನುಮೋದನೆ ಅರ್ಜಿ ಹಾಕಬೇಕು. 2002ರಾಗ ಜೈಪುರ ಜಿಲ್ಲಾ ಸಹಕಾರಿ ಭೂಮಿ ವಿಕಾಸ್ ಬ್ಯಾಂಕ್ ಕೇಸಿನಾಗ ಸುಪ್ರೀಂ ಕೋರ್ಟ್ ಸಂವಿಧಾನ ಪೀಠ ಹೇಳಿದ್ದು, ಅರ್ಜಿ ಹಾಕದಿದ್ರ ಇಲ್ಲಾ ಅನುಮೋದನೆ ಸಿಗದಿದ್ರ ಆ ವಜಾ ಆದೇಶನೇ ಜಾರಿಗೆ ಬಂದಿಲ್ಲ ಅಂತ. ಅಂದ್ರ ಕಾರ್ಮಿಕ ಕೆಲಸದಾಗ ಇದ್ದಂಗ, ಪಗಾರ ಏರ್ತಾ ಹೋಗತೈತಿ. ಇಂಥಾ ಅರ್ಜಿಗೆ ಟೈಮ್ ಆಫೀಸ್ ಗುಮಾಸ್ತನ ಸಹಿ ಹಾಕಿಸಿ ಕಳಿಸೋದು ಎಂಥಾ ಧೈರ್ಯ ಅಂತ ನನಗ ಈಗ ಅನ್ನಿಸ್ತೈತಿ. ಜೊತಿಗೆ ವಜಾ ಆದೇಶಕ್ಕ ಸಹಿ ಹಾಕಿದೋರಿಗೆ ವಜಾ ಮಾಡೋ ಅಧಿಕಾರ ಇತ್ತಾ ಅನ್ನೋದೂ ಬರತೈತಿ, ಅದಕ್ಕ ಸ್ಟ್ಯಾಂಡಿಂಗ್ ಆರ್ಡರ್ಸ್ (ಕಂಪನಿಯ ಕೆಲಸದ ನಿಯಮಾವಳಿ) ಮತ್ತ ಅಧಿಕಾರ ಹಂಚಿಕೆ ಆದೇಶ ತೆಗೆದು ನೋಡ್ರಿ.

ಇನ್ನು, ಕಾಗದ ಸರಿ ಇಲ್ಲ ಅಂತ ಹೆದರಿ ಹೋಗದೇ ಕುಂದ್ರೋರು ಇದ್ದಾರ. ಅದು ಮಾಡಬ್ಯಾಡ್ರಿ. ಹೋಗದಿದ್ರ ಎಕ್ಸ್‌ಪಾರ್ಟಿ ಅವಾರ್ಡ್, ಅಂದ್ರ ನೀವಿಲ್ಲದಂಗನೇ ಕೊಡೋ ತೀರ್ಪು, ಪ್ರಕಟ ಆಗಿ 30 ದಿನಕ್ಕ ಜಾರಿಗೆ ಬರತೈತಿ. 2018ರ ಹರಿಯಾಣಾ ಸೂರಜ್ ಮಾಲ್ಟಿಂಗ್ ತೀರ್ಪಿನಿಂದ ಆ 30 ದಿನ ದಾಟಿದ ಮ್ಯಾಲೂ ಅದನ್ನ ರದ್ದು ಮಾಡ್ರಿ ಅಂತ ಅದೇ ಕೋರ್ಟಿನ ಮುಂದ ಅರ್ಜಿ ಹಾಕಬಹುದು, ಆದ್ರ ಯಾಕ ಬರಲಿಲ್ಲ ಅನ್ನೋದಕ್ಕ ಕಾರಣ ಬೇಕಲ್ಲ, "ಬೋರ್ಡ್ ಮೀಟಿಂಗ್ ಆಗಿರಲಿಲ್ಲ" ಅಂದ್ರ ಯಾರು ಕೇಳ್ತಾರ. ಮುಂದ ರಿಟ್ ಹಾಕೋದಿದ್ರ ಕೊಪ್ಪಳ, ಬಳ್ಳಾರಿಯೋರು ಧಾರವಾಡ ಪೀಠ, ರಾಯಚೂರಿನೋರು ಕಲಬುರಗಿ ಪೀಠ, ಅಲ್ಲೂ ಅಫಿಡವಿಟ್‌ಗೆ ಸಹಿ ಹಾಕೋರ ಅಧಿಕಾರ ಮತ್ತ ಕೇಳ್ತಾರ, ಲೇಬರ್ ಕೋರ್ಟಿಗೆ ಅಂತ ಮಾತ್ರ ಬರೆದ ಠರಾವು ಅಲ್ಲಿಗೆ ಮುಟ್ಟಂಗಿಲ್ಲ.

ಒಂದು ಸನ್ನಿವೇಶದಾಗ ಮಾತ್ರ ಎಷ್ಟೇ ಚಂದದ ಠರಾವು ಇದ್ರೂ ಕೆಲಸಕ್ಕ ಬರಂಗಿಲ್ಲ. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದ್ರ, 2016ರ ದಿವಾಳಿ ಕಾಯ್ದೆ ಐಬಿಸಿ ಸೆಕ್ಷನ್ 17 ಪ್ರಕಾರ ಬೋರ್ಡಿನ ಅಧಿಕಾರ ಅಮಾನತಾಗಿ ಆ ಪ್ರಕ್ರಿಯೆ ನಡೆಸೋ ರೆಸಲ್ಯೂಷನ್ ಪ್ರೊಫೆಷನಲ್ ಕೈಗೆ ಹೋಗತೈತಿ, ಆಮೇಲೆ ನಿಮ್ಮ ಪತ್ರ ಅವರಿಂದ ಬರಬೇಕು. ಮೊರಟೋರಿಯಂ (ಕಂಪನಿ ಮ್ಯಾಲ ಕೇಸ್ ನಡೆಸಬಾರದು ಅನ್ನೋ ತಡೆ) ಇದ್ರ ಕೇಸೇ ನಿಲ್ಲತೈತಿ, ಅದನ್ನ ಲೇಬರ್ ಕೋರ್ಟಿಗೆ ತಿಳಿಸೋ ಕೆಲಸನೂ ಯಾರಾದ್ರೂ ಮಾಡಬೇಕಲ್ಲ. ಕಂಪನಿ ಇನ್ನೊಂದರ ಜೊತಿ ಮರ್ಜ್ ಆದ್ರೂ ಅಷ್ಟ, ಹೊಸ ಹೆಸರಿನಾಗ ಹೊಸ ಠರಾವು.

ಕಡೇದಾಗಿ, ಭಾಳ ಮಂದಿ ಕಲಸಿಬಿಡೋ ಒಂದು ವಿಷಯ. ಸಹಿ ಹಾಕೋ ಅಧಿಕಾರ, ವಾದ ಮಾಡೋ ಅಧಿಕಾರ, ಸಾಕ್ಷಿ ಹೇಳೋದು, ಇವು ಮೂರೂ ಬ್ಯಾರೆ. ಠರಾವು ಮೊದಲಿನ ಎರಡನ್ನ ಕೊಡತೈತಿ, ಮೂರನೇದನ್ನ, ನಮೂನೆಯಾಗ "ಸಾಕ್ಷ್ಯ ನುಡಿಯಲು" ಅಂತ ಬರೆದಿದ್ರೂ, ಯಾವ ಬೋರ್ಡೂ ಕೊಡೋಕೆ ಬರಂಗಿಲ್ಲ, ಯಾಕಂದ್ರ ಸಾಕ್ಷಿ ಹೇಳೋಕೆ ಬೇಕಾಗಿರೋದು ಕಣ್ಣಾರೆ ಕಂಡಿದ್ದು. 2004ರ ಕೊನೆಗೆ ಜಾನಕಿ ವಾಶದೇವ್ ಭೋಜವಾನಿ ಕೇಸಿನಾಗ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ, ಪವರ್ ಹಿಡಕೊಂಡೋರು ತಾವು ಮಾಡಿದ ಕೆಲಸದ ಬಗ್ಗೆ ಸಾಕ್ಷಿ ಹೇಳಬಹುದು, ಪವರ್ ಕೊಟ್ಟೋರಿಗೆ ಮಾತ್ರ ಗೊತ್ತಿರೋದನ್ನ ಅವರ ಬದಲಿಗೆ ಹೇಳಂಗಿಲ್ಲ. ಹೋದ ತಿಂಗಳು ಸೇರಿದ ಎಚ್‌ಆರ್ ಆಫೀಸರ್ ಬಾಕ್ಸ್‌ನಾಗ ನಿಂತು ಆರು ವರ್ಷದ ಹಿಂದಿನ ಹೊಡೆದಾಟದ ಬಗ್ಗೆ ಹೇಳಿದ್ರ, ಕ್ರಾಸ್‌ನಾಗ ಎರಡೇ ಪ್ರಶ್ನೆ ಸಾಕು. ಆ ಪಾಳಿಯ ಸೂಪರ್‌ವೈಸರ್‌ನ್ನ ಕರ್ಕೊಂಡು ಬರ್ರಿ, ಎನ್‌ಕ್ವೈರಿ ಮಾಡಿದೋರನ್ನ ಕರ್ಕೊಂಡು ಬರ್ರಿ.

ನನ್ನ ಎರಡನೇ ಡೇಟಿಗೆ ನಾನು ಹೊಸ ಠರಾವು, ಹೊಸ ಅಧಿಕಾರ ಪತ್ರ, ತುಂಬಿದ ಫಾರ್ಮ್, ನೇಮಕಾತಿ ಪತ್ರ ಎಲ್ಲಾ ಪ್ಲಾಸ್ಟಿಕ್ ಫೈಲ್‌ನಾಗ ಇಟ್ಕೊಂಡು ಹೋದೆ. ಅಜ್ಜಾರು ಮತ್ತ ಕನ್ನಡಕ ಏರಿಸಿ ಒಂದೊಂದೇ ನೋಡಿದ್ರು, ಎರಡು ನಿಮಿಷ ಆಗಿರಬೇಕು. "ಈಗ ಸರಿ ಐತಿ ನೋಡಪಾ, ಈಗ ನೀ ಕಂಪನಿ" ಅಂದ್ರು. ಸಾಹೇಬ್ರು ನನ್ನ ಕಡೆ ತಿರುಗಿ, "ಹೌದಾ, ಹಂಗಾರ ಆ ತಿಂಗಳ ಹಾಜರಿ ಮಸ್ಟರ್ ರೋಲ್ ತಂದೀರೇನು?" ಅಂದ್ರು. ತಂದಿರಲಿಲ್ಲ.